ಖಾನಾವಳಿಯ ಟಿವಿಗೆ ಲಿಬ್ರೆಆಫೀಸ್ ಇಂಪ್ರೆಸ್: ವರ್ಷದ ಮೇಲೆ ಓಡಿಸಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ, ಟಿವಿಯಲ್ಲಿ ಮೆನು ತೋರಿಸಲು ಸ್ಲೈಡ್ ಮಾಡುವುದು ದೊಡ್ಡ ಕೆಲಸವೇ ಅಲ್ಲ. ಅದು ಬೆಳಿಗ್ಗೆಯಿಂದ ರಾತ್ರಿವರೆಗೆ ಯಾರೂ ಮುಟ್ಟದೆ ತಾನೇ ಓಡಬೇಕಲ್ಲ, ಕಿರಿಕಿರಿ ಇರುವುದೆಲ್ಲ ಅಲ್ಲೇ.

ಹುಬ್ಬಳ್ಳಿಯಲ್ಲಿ ನಮ್ಮ ಕಾಕಾನ ಖಾನಾವಳಿ ಇದೆ. ಗಲ್ಲಾದ ಮೇಲೆ ಒಂದು ಟಿವಿ, ಅದರ ಹಿಂದೆ ಹಳೆಯ ವಿಂಡೋಸ್ ಕಂಪ್ಯೂಟರ್. ವರ್ಷದ ಮೇಲಾಯ್ತು, ಅದರಲ್ಲಿ ಇಂಪ್ರೆಸ್, ಅಂದರೆ ಲಿಬ್ರೆಆಫೀಸ್‌ನ ಸ್ಲೈಡ್ ಮಾಡುವ ಪ್ರೋಗ್ರಾಮ್, ಓಡುತ್ತಿದೆ. ಸಾಫ್ಟ್‌ವೇರ್ ಪುಕ್ಕಟೆ. ತಿಂಗಳಿಗಿಷ್ಟು ಅಂತ ದುಡ್ಡು ತೆಗೆದುಕೊಳ್ಳುವ ಡಿಸ್‌ಪ್ಲೇ ಸೇವೆಗಳೂ ಇವೆ. ಆದರೆ ರೊಟ್ಟಿ ಊಟದ ರೇಟು, ಇವತ್ತಿನ ಪಲ್ಯ ಯಾವುದು ಅಂತ ತೋರಿಸಲು ಅಷ್ಟೆಲ್ಲ ಯಾಕೆ?

ಸೆಟ್ಟಿಂಗ್ ಇರುವುದು ಎರಡು ಕಡೆ. ಸ್ಲೈಡ್ ಟ್ರಾನ್ಸಿಶನ್‌ನಲ್ಲಿ ಎಷ್ಟು ಸೆಕೆಂಡಿಗೆ ಬದಲಾಗಬೇಕು ಅಂತ ಹಾಕಿ, ಎಲ್ಲಾ ಸ್ಲೈಡಿಗೂ ಅನ್ವಯಿಸಿ. ಆಮೇಲೆ ಸ್ಲೈಡ್ ಶೋ ಸೆಟ್ಟಿಂಗ್ಸ್‌ಗೆ ಹೋಗಿ 'ಲೂಪ್ ಅಂಡ್ ರಿಪೀಟ್ ಆಫ್ಟರ್' ಆರಿಸಿ. ಇದರ ಪಕ್ಕದಲ್ಲಿ ಸಮಯ ತುಂಬುವ ಒಂದು ಸಣ್ಣ ಜಾಗ ಇದೆ, ಬಹಳ ಜನ ಅದನ್ನು ನೋಡುವುದೇ ಇಲ್ಲ. ಅಲ್ಲಿ ಸೊನ್ನೆ ಇಲ್ಲದಿದ್ದರೆ ಕೊನೆಯ ಸ್ಲೈಡ್ ಮುಗಿದು ಮೊದಲನೆಯದು ಬರುವ ಮಧ್ಯೆ ಒಂದು ವಿರಾಮದ ಪರದೆ ಬರುತ್ತದೆ. ಗಿರಾಕಿಗೆ ಟಿವಿ ಕೆಟ್ಟಿದೆ ಅನ್ನಿಸುವುದು ಇಲ್ಲೇ. ಸೊನ್ನೆ ಹಾಕಿದರೆ ಆ ಪರದೆಯೇ ಇರುವುದಿಲ್ಲ, ನೇರ ಮೊದಲಿಗೆ ಹೋಗುತ್ತದೆ. ಅದೇ ಕಿಟಕಿಯಲ್ಲಿ ಮೌಸ್ ಬಾಣ ಕಾಣಿಸುವ ಆಯ್ಕೆ, ಕ್ಲಿಕ್ ಮಾಡಿದರೆ ಸ್ಲೈಡ್ ಬದಲಾಗುವ ಆಯ್ಕೆ ಎರಡನ್ನೂ ತೆಗೆದುಬಿಡಿ. ಸ್ಲೈಡ್ ತಾನೇ ಬದಲಾಗುವುದನ್ನು ತಡೆಯುವ ಆಯ್ಕೆಯೂ ಅಲ್ಲೇ ಇದೆ. ಅದಕ್ಕೆ ಟಿಕ್ ಬಿದ್ದಿದ್ದರೆ ನೀವು ಸೆಕೆಂಡು ಎಷ್ಟೇ ಹಾಕಿ, ಸ್ಲೈಡ್ ನಿಂತಲ್ಲೇ ನಿಂತಿರುತ್ತದೆ.

ಇನ್ನು ಕರೆಂಟಿನ ಕಥೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋಗಿ ಬಂದು ಮಾಡುವುದು ಹೊಸದೇನಲ್ಲ. ಮಧ್ಯಾಹ್ನ ಊಟದ ಗದ್ದಲದಲ್ಲಿ ಕಾಕಾ ಫೋನ್ ಮಾಡಿ, "ತಮ್ಮಾ, ಟಿವಿ ಮ್ಯಾಲೆ ಎಂಥದೋ ಡಬ್ಬಿ ಬಂದು ಕುಂತೈತಿ, ಓಕೆ ಒತ್ತಲೋ ಬ್ಯಾಡೋ?" ಅಂತ ಕೇಳುತ್ತಿದ್ದರು. ಹಠಾತ್ತಾಗಿ ಆಫ್ ಆದ ಮೇಲೆ ಫೈಲ್ ರಿಕವರಿ ಮಾಡಲೇ ಅಂತ ಕೇಳುವ ಕಿಟಕಿ ಅದು. ಮನುಷ್ಯ ಎದುರಿಗೆ ಕೂತಿದ್ದರೆ ಒಳ್ಳೆಯದೇ, ಯಾರೂ ಇಲ್ಲದ ಟಿವಿಗೆ ಅದೇ ತಲೆನೋವು. ಇದಕ್ಕೆ ದಾರಿ ಇದೆ. ವಿಂಡೋಸ್‌ನ ಸ್ಟಾರ್ಟಪ್ ಫೋಲ್ಡರಿನಲ್ಲಿ ಒಂದು ಶಾರ್ಟ್‌ಕಟ್ ಇಟ್ಟು, ಅದರಲ್ಲಿ ಪ್ರೋಗ್ರಾಮಿನ ಹೆಸರಾದ ಮೇಲೆ 'ನೋರಿಸ್ಟೋರ್', 'ಶೋ' ಅನ್ನುವ ಎರಡು ಸೂಚನೆ ಎರಡೆರಡು ಅಡ್ಡಗೆರೆ ಸೇರಿಸಿ ಹೀಗೆ ಬರೆಯಿರಿ: --norestore --show, ಕೊನೆಗೆ ಫೈಲಿನ ಹೆಸರು. ಮೊದಲನೆಯದು ಆ ಕಿಟಕಿ ಬಾರದಂತೆ ತಡೆಯುತ್ತದೆ, ಎರಡನೆಯದು ನೇರ ಪೂರ್ತಿ ಪರದೆಯಲ್ಲಿ ಶೋ ಶುರು ಮಾಡುತ್ತದೆ. ಜೊತೆಗೆ ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಕಂಪ್ಯೂಟರಿನ ಮೂಲ ಸೆಟ್ಟಿಂಗ್) ಕರೆಂಟ್ ಬಂದ ಕೂಡಲೇ ಕಂಪ್ಯೂಟರ್ ತಾನೇ ಆನ್ ಆಗುವ ಸೆಟ್ಟಿಂಗ್ ಇರುತ್ತದೆ, ಅದನ್ನೂ ಹಾಕಿ. ಲಾಗಿನ್ ಪಾಸ್‌ವರ್ಡ್ ಕೇಳದಂತೆಯೂ ಮಾಡಬೇಕು, ಇಲ್ಲದಿದ್ದರೆ ಇದೆಲ್ಲ ಸುಮ್ನೆ. ಸ್ಲೀಪ್ 'ನೆವರ್' ಇರಲಿ. ಟಿವಿಯನ್ನೂ ಮರೆಯಬೇಡಿ, ಕೆಲವು ಟಿವಿಗಳು ಗಂಟೆಗಟ್ಟಲೆ ರಿಮೋಟ್ ಒತ್ತದಿದ್ದರೆ ತಾವೇ ಮಲಗಿಬಿಡುತ್ತವೆ.

ಇಷ್ಟಾದ ಮೇಲೆ ಕಾಕಾನ ಫೋನ್ ಬರುವುದು ಬಹಳ ಕಡಿಮೆಯಾಗಿದೆ. ಈಗ ಬಂದರೆ ಊಟಕ್ಕೆ ಬಾ ಅಂತ.

ಕನ್ನಡ ಅಕ್ಷರದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಫ್ಲೆಕ್ಸ್ ಮಾಡುವವರ ಹತ್ತಿರ ಇದ್ದ ಹಳೆಯ ನುಡಿ ಫಾಂಟಿನ ಮೆನು ಅಂಟಿಸಿದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಎಣ್ಣೆಗಾಯಿ ಹೋಗಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಬರುತ್ತದೆ. ಎಲ್ಲಾ ಕಂಪ್ಯೂಟರಿಗೂ ಕನ್ನಡವೆಂದೇ ಗೊತ್ತಾಗುವ ಯೂನಿಕೋಡಿನಲ್ಲೇ ಟೈಪ್ ಮಾಡಿ. ನೋಟೊ ಸಾನ್ಸ್ ಕನ್ನಡ ಪುಕ್ಕಟೆ ಸಿಗುತ್ತದೆ, ದಪ್ಪ ಅಕ್ಷರ ಹಾಕಿದರೆ ದೂರಕ್ಕೂ ಚೆನ್ನಾಗಿ ಕಾಣುತ್ತದೆ. ಫೈಲ್ ಪ್ರಾಪರ್ಟೀಸ್‌ನಲ್ಲಿ ಫಾಂಟನ್ನು ಫೈಲಿನೊಳಗೇ ಸೇರಿಸುವ ಆಯ್ಕೆಯೂ ಇದೆ. ಸಾಲುಗಳ ನಡುವೆ ಜಾಗ ಬಿಡಿ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿದರೆ ಬಾಗಿಲಲ್ಲಿ ನಿಂತವರಿಗೆ ಏನೂ ಓದಲು ಬರುವುದಿಲ್ಲ. ಒಂದು ಸ್ಲೈಡಿಗೆ ನಾಲ್ಕೈದು ಸಾಲು ಸಾಕು: ರೊಟ್ಟಿ ಊಟ, ಝುಣಕ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ಹತ್ತು ಹನ್ನೆರಡು ಸೆಕೆಂಡು ನಿಲ್ಲಲಿ. ಐದು ಸೆಕೆಂಡು ಇಟ್ಟರೆ ಹಿರಿಯರು ರೇಟು ಓದುವಷ್ಟರಲ್ಲಿ ಸ್ಲೈಡ್ ಹೋಗಿರುತ್ತದೆ, ಆಮೇಲೆ ಗಲ್ಲಾಕ್ಕೇ ಬಂದು ಕೇಳುತ್ತಾರೆ, ಮತ್ತೆ ಟಿವಿ ಯಾಕೆ ಹಾಕಿದ್ದು? ತಿರುಗುವ, ಹಾರುವ ಆ್ಯನಿಮೇಶನ್ ಬೇಡವೇ ಬೇಡ.

ನಮಗೆ ಬಹಳ ಉಪಯೋಗ ಆಗಿದ್ದು ಸ್ಲೈಡ್ ಅಡಗಿಸುವ ಸೌಲಭ್ಯ. ಅಮಾವಾಸ್ಯೆಯ ಹೋಳಿಗೆ ಊಟದ ಸ್ಲೈಡ್ ಯಾವಾಗಲೂ ಫೈಲಿನಲ್ಲೇ ಇರುತ್ತದೆ. ಆ ದಿನ ಬಲ ಕ್ಲಿಕ್ ಮಾಡಿ ತೋರಿಸಿದರಾಯಿತು, ಮರುದಿನ ಮತ್ತೆ ಅಡಗಿಸಿದರಾಯಿತು. ಶಿವರಾತ್ರಿಗೆ ಸಿದ್ಧಾರೂಢ ಮಠದ ಜಾತ್ರೆ ಇದ್ದಾಗ ಹಾಕುವ ಸ್ಲೈಡಿಗೂ ಹಾಗೇ. ಕಾಕಾ ಇದನ್ನು ತಾವೇ ಮಾಡುತ್ತಾರೆ, ಕಂಪ್ಯೂಟರ್ ಅಂದರೆ ದೂರ ಓಡುತ್ತಿದ್ದವರು.

ಪವರ್‌ಪಾಯಿಂಟ್ ಈಗಾಗಲೇ ಇದ್ದವರು ಇಂಪ್ರೆಸ್‌ಗೆ ಬರಬೇಕಾಗಿಲ್ಲ. ಅದರಲ್ಲಿ ಕಿಯಾಸ್ಕ್ ಅನ್ನುವ ಆಯ್ಕೆಯೇ ಇದೆ, ಎಸ್ಕೇಪ್ ಒತ್ತುವವರೆಗೆ ಸುತ್ತುತ್ತಲೇ ಇರುತ್ತದೆ. ನಿಮ್ಮ ಮೆನು ವರ್ಷಕ್ಕೊಮ್ಮೆ ಬದಲಾಗುವುದಾದರೆ ಕಂಪ್ಯೂಟರೂ ಬೇಡ. ಸ್ಲೈಡುಗಳನ್ನು ಫೋಟೊ ಮಾಡಿ ಪೆನ್‌ಡ್ರೈವಿನಲ್ಲಿ ಟಿವಿಗೆ ಚುಚ್ಚಿದರೆ ಮುಗಿಯಿತು. ಇದರಲ್ಲಿ ಇಂಪ್ರೆಸ್ ಸ್ವಲ್ಪ ಹಿಂದೆ. ಪವರ್‌ಪಾಯಿಂಟ್ ಎಲ್ಲಾ ಸ್ಲೈಡನ್ನೂ ಒಮ್ಮೆಗೇ ಫೋಟೊ ಮಾಡಿಕೊಡುತ್ತದೆ, ಇಲ್ಲಿ ಫೋಟೊ ಆಗಿ ಎಕ್ಸ್‌ಪೋರ್ಟ್ ಮಾಡಿದರೆ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಸ್ಲೈಡ್ ಬರುತ್ತದೆ.

ನನ್ನ ಒಂದೇ ತಕರಾರು, ರೇಟು ಬದಲಿಸಲು ಶೋ ನಿಲ್ಲಿಸಿ, ಫೈಲ್ ತೆರೆದು, ಸೇವ್ ಮಾಡಿ, ಮತ್ತೆ ಶುರು ಮಾಡಬೇಕು, ಮನೆಯಲ್ಲಿ ಕೂತು ಫೋನಿನಿಂದ ಬದಲಿಸುವ ವ್ಯವಸ್ಥೆ ಇದರೊಳಗೆ ಇಲ್ಲ. ಒಂದು ಅಂಗಡಿ, ಒಂದು ಟಿವಿ ಇದ್ದವರಿಗೆ ಇದೇ ಸಾಕು. ಧಾರವಾಡದಲ್ಲೊಂದು, ಗದಗದಲ್ಲೊಂದು ಅಂತ ಶಾಖೆ ಇಟ್ಟವರು ದುಡ್ಡು ಕೊಟ್ಟು ಡಿಸ್‌ಪ್ಲೇ ಸೇವೆಯನ್ನೇ ತೆಗೆದುಕೊಳ್ಳಿ.