ಅರ್ಧ ಯೂನಿಟ್‌ನ ಇನ್ಸುಲಿನ್ ಪೆನ್: ಎರಡು ವರ್ಷ ಬಳಸಿದ ಮೇಲೆ

ದಾವಣಗೆರೆಯ ನಮ್ಮ ಮನೆಯ ಅಡುಗೆಮನೆ ಗೂಡಿನಲ್ಲಿ ಮೂರು ಇನ್ಸುಲಿನ್ ಪೆನ್‌ಗಳಿವೆ. ಬೂದು ಬಣ್ಣದ್ದು ನಮ್ಮ ಮಾವನವರದು. ಅವರಿಗೆ ಎಪ್ಪತ್ತೆರಡು ವರ್ಷ, ಸಕ್ಕರೆ ಕಾಯಿಲೆ ಬಂದು ಇಪ್ಪತ್ತೆರಡು ವರ್ಷ. ನೀಲಿ ಮತ್ತು ಕೆಂಪು ಪೆನ್‌ಗಳೆರಡೂ ಒಂಬತ್ತು ವರ್ಷದ ನನ್ನ ಮಗಳವು. ನೀಲಿ ಊಟಕ್ಕೆ ಮೊದಲು, ಕೆಂಪು ರಾತ್ರಿ ಮಲಗುವ ಮುನ್ನ. ಅವಳದು ಟೈಪ್ 1, ಅಂದರೆ ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ನಿಲ್ಲುವ ಬಗೆಯ ಸಕ್ಕರೆ ಕಾಯಿಲೆ. ನಾನು ಇಲ್ಲಿ ಬರೆಯುತ್ತಿರುವುದು ಆ ನೀಲಿ ಪೆನ್ನಿನ ವಿಚಾರ, ಅಂದರೆ ಒಂದು ಯೂನಿಟ್‌ಗೆ (ಇನ್ಸುಲಿನ್ ಅಳೆಯುವ ಮಾನ) ಬದಲಾಗಿ ಅರ್ಧ ಯೂನಿಟ್‌ನ ಹೆಜ್ಜೆಯಲ್ಲಿ ತಿರುಗುವ, ಇನ್ಸುಲಿನ್ ತುಂಬಿದ ಕೊಳವೆಯನ್ನು, ಅಂದರೆ ಕಾರ್ಟ್ರಿಡ್ಜ್ ಅನ್ನು, ಬದಲಾಯಿಸಿ ವರ್ಷಗಟ್ಟಲೆ ಬಳಸಬಹುದಾದ ಪೆನ್ನಿನ ವಿಚಾರ. ಇಂಥ ಪೆನ್ನನ್ನು ಒಂದಕ್ಕಿಂತ ಹೆಚ್ಚು ಕಂಪನಿಗಳು ತಯಾರಿಸುತ್ತವೆ, ನಾನು ಹೇಳುವ ಗುಣದೋಷಗಳಲ್ಲಿ ಬಹುಪಾಲು ಎಲ್ಲಕ್ಕೂ ಸಲ್ಲುತ್ತವೆ. ಆದ್ದರಿಂದ ನಮ್ಮದು ಯಾವ ಕಂಪನಿಯದೆಂದು ಬರೆಯುವುದಿಲ್ಲ.

ಪೆನ್ ಎಂಬ ಸಾಧನ ಮೊದಲು ಮಾರುಕಟ್ಟೆಗೆ ಬಂದದ್ದು 1985ರಲ್ಲಿ, ಡೆನ್ಮಾರ್ಕಿನ ನೊವೊ ಕಂಪನಿಯಿಂದ. ಅದಕ್ಕೆ ಮೊದಲು ವಯಲ್ (ಇನ್ಸುಲಿನ್ ತುಂಬಿದ ಚಿಕ್ಕ ಸೀಸೆ) ಮತ್ತು ಸಿರಿಂಜ್‌ಗಳೇ ಗತಿಯಾಗಿದ್ದವು. ನಮ್ಮಲ್ಲಿ ಇಂದಿಗೂ ಎಷ್ಟೋ ಮನೆಗಳಲ್ಲಿ ಅವೇ ನಡೆಯುತ್ತವೆ. ಮಾವನವರ ಪೆನ್ ಒಂದೊಂದೇ ಯೂನಿಟ್ ಏರುತ್ತ ಅರವತ್ತರವರೆಗೆ ಹೋಗುತ್ತದೆ. ಮಗಳ ಪೆನ್ ಅರ್ಧರ್ಧ ಏರಿ ಮೂವತ್ತಕ್ಕೆ ನಿಲ್ಲುತ್ತದೆ. ಒಂದೇ ಮನೆಯಲ್ಲಿ ಒಂದೇ ಔಷಧಕ್ಕೆ ಎರಡು ಬಗೆಯ ಪೆನ್ ಏಕೆ ಎಂದು ಬಂದ ನೆಂಟರೆಲ್ಲ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಹೇಳದೆ ಈ ಪೆನ್ನಿನ ಪ್ರಯೋಜನ ತಿಳಿಸಲಾಗದು, ಏಕೆಂದರೆ ಯಾರಿಗೆ ದಿನಕ್ಕೆ ಎಷ್ಟು ಇನ್ಸುಲಿನ್ ಬೇಕು ಎಂಬುದರ ಮೇಲೆಯೇ ಇದು ಅತ್ಯಗತ್ಯವೋ ಅನಗತ್ಯವೋ ಎಂಬುದು ನಿಂತಿದೆ.

ಮಗಳಿಗೆ ಕಾಯಿಲೆ ಪತ್ತೆಯಾದಾಗ ಏಳು ವರ್ಷ, ತೂಕ 20 ಕೆ.ಜಿ. ಆಸ್ಪತ್ರೆಯಿಂದ ಬರುವಾಗ ಇದ್ದ ಪ್ರಮಾಣ ಎರಡು ತಿಂಗಳಲ್ಲಿ ಇಳಿಯುತ್ತ ಬಂದು ದಿನಕ್ಕೆ ಆರು ಯೂನಿಟ್‌ಗೆ ಮುಟ್ಟಿತು. ವೈದ್ಯರು ಇದನ್ನು ಹನಿಮೂನ್ ಅವಧಿ ಎನ್ನುತ್ತಾರೆ. ಮೇದೋಜೀರಕ ಗ್ರಂಥಿಯಲ್ಲಿ ಅಳಿದುಳಿದ ಕೋಶಗಳು ಕೆಲವು ತಿಂಗಳ ಕಾಲ ಮತ್ತೆ ಸ್ವಲ್ಪ ಕೆಲಸ ಮಾಡುತ್ತವೆ, ಹೊರಗಿನಿಂದ ಕೊಡಬೇಕಾದ ಇನ್ಸುಲಿನ್ ಕಡಿಮೆಯಾಗುತ್ತದೆ. ಹತ್ತಿರದ ಬಂಧುಗಳೊಬ್ಬರು ಕಾಯಿಲೆ ಗುಣವಾಗುತ್ತಿದೆ, ಸೂಜಿ ಬಿಟ್ಟು ಕಷಾಯ ಕೊಡು ಎಂದು ಪಟ್ಟು ಹಿಡಿದರು. ನಾನು ಕೇಳಲಿಲ್ಲ. ಕೇಳಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಎದೆ ನಡುಗುತ್ತದೆ. ಟೈಪ್ 1 ಇರುವ ಮಗುವಿಗೆ ಇನ್ಸುಲಿನ್ ನಿಲ್ಲಿಸಿದರೆ ಪ್ರಾಣಕ್ಕೇ ಸಂಚಕಾರ. ಆ ಆರು ಯೂನಿಟ್‌ನಲ್ಲಿ ಮೂರು ರಾತ್ರಿಗೆ, ಉಳಿದದ್ದು ಮೂರು ಹೊತ್ತಿನ ಊಟಕ್ಕೆ ಒಂದೊಂದು. ಸಾಮಾನ್ಯ ಪೆನ್ನಿನಲ್ಲಿ ಒಂದರ ಮುಂದಿನ ಹೆಜ್ಜೆ ಎರಡು, ಅಂದರೆ ನೇರವಾಗಿ ಇಮ್ಮಡಿ. ನೀಲಿ ಪೆನ್ ನಮ್ಮ ಮನೆಗೆ ಬಂದದ್ದು ಆಗಲೇ.

ಈಗ ಅವಳ ತೂಕ 25 ಕೆ.ಜಿ., ದಿನದ ಒಟ್ಟು ಇನ್ಸುಲಿನ್ 20 ಯೂನಿಟ್. ವೈದ್ಯರು ಕಲಿಸಿಕೊಟ್ಟ ಎರಡು ಭಾಗಾಕಾರಗಳಿವೆ. 500 ಅನ್ನು ದಿನದ ಒಟ್ಟು ಯೂನಿಟ್‌ಗಳಿಂದ ಭಾಗಿಸಿದರೆ ಒಂದು ಯೂನಿಟ್ ಎಷ್ಟು ಗ್ರಾಂ ಕಾರ್ಬೋಹೈಡ್ರೇಟ್ ಅನ್ನು ಸಂಭಾಳಿಸುತ್ತದೆ ಎಂಬ ಅಂದಾಜು ಸಿಗುತ್ತದೆ. 1800 ಅನ್ನು ಭಾಗಿಸಿದರೆ ಒಂದು ಯೂನಿಟ್ ರಕ್ತದ ಸಕ್ಕರೆಯನ್ನು ಎಷ್ಟು ಇಳಿಸುತ್ತದೆ ಎಂಬುದು. ಮಗಳ ಪಾಲಿಗೆ ಮೊದಲನೆಯದು 25 ಗ್ರಾಂ, ಎರಡನೆಯದು ಒಂದು ಡೆಸಿಲೀಟರ್ ರಕ್ತಕ್ಕೆ 90 ಮಿ.ಗ್ರಾಂ. ಇವು ಆರಂಭದ ಅಂದಾಜುಗಳಷ್ಟೇ, ವೈದ್ಯರು ಮಗುವಿನ ದಾಖಲೆ ನೋಡಿ ತಿದ್ದುತ್ತಾರೆ. ಯಾರೂ ಇದನ್ನು ಓದಿ ತಾವೇ ಪ್ರಮಾಣ ಬದಲಿಸಿಕೊಳ್ಳಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಆದರೆ ಪೆನ್ನಿನ ಗುಣ ತಿಳಿಯಬೇಕಾದರೆ ಈ ಲೆಕ್ಕವೇ ಬೇಕು.

ನಮ್ಮ ಮನೆಯ ತಟ್ಟೆಯಲ್ಲಿ ಬೇಯುವ ಇಡ್ಲಿಯನ್ನು ನಾನು ತೂಗಿ ನೋಡಿದ್ದೇನೆ. ಒಂದರಲ್ಲಿ ಸುಮಾರು 12 ಗ್ರಾಂ ಕಾರ್ಬೋಹೈಡ್ರೇಟ್ ಎಂದು ಹಿಡಿದುಕೊಂಡಿದ್ದೇವೆ. ಎರಡು ಇಡ್ಲಿಗೆ ಒಂದು ಯೂನಿಟ್ ಸರಿಹೋಗುತ್ತದೆ, ನಾಲ್ಕಕ್ಕೆ ಎರಡು. ಆದರೆ ಶಾಲೆಗೆ ಹೋಗುವ ಮಗು ತಿನ್ನುವುದು ಮೂರು. ಮೂರು ಇಡ್ಲಿ ಕೇಳುವುದು ಒಂದೂವರೆ ಯೂನಿಟ್. ಸಾಮಾನ್ಯ ಪೆನ್ ಇದ್ದರೆ ನಾನು ಒಂದು ಕೊಟ್ಟು ಸಕ್ಕರೆ 45ರಷ್ಟು ಏರಿಸಬೇಕು, ಇಲ್ಲವೇ ಎರಡು ಕೊಟ್ಟು ಹತ್ತೂವರೆಯ ಹೊತ್ತಿಗೆ ತರಗತಿಯಲ್ಲಿ ಸಕ್ಕರೆ ತೀರಾ ಇಳಿದು ಅವಳ ಕೈ ನಡುಗುವಂತೆ ಮಾಡಬೇಕು, ಅದೂ ಬೇಡವೆಂದರೆ ಹಸಿದ ಮಗುವಿಗೆ ಎರಡೇ ತಿನ್ನು ಎನ್ನಬೇಕು ಅಥವಾ ಸಾಕೆಂದವಳಿಗೆ ನಾಲ್ಕನೆಯದನ್ನು ತುರುಕಬೇಕು. ಔಷಧಕ್ಕೆ ಊಟವನ್ನು ಹೊಂದಿಸುವ ಈ ಜುಲುಮೆಯನ್ನು ನೀಲಿ ಪೆನ್ ತಪ್ಪಿಸಿದೆ. ಮೂರು ಸಲ ಟಿಕ್ ಟಿಕ್ ಟಿಕ್ ಎಂದು ತಿರುಗಿಸಿದರೆ ಒಂದೂವರೆ. ಈ ಒಂದು ಕಾರಣಕ್ಕೇ ನಾನು ಇದಕ್ಕೆ ಪೂರ್ಣ ಅಂಕ ಕೊಡುತ್ತೇನೆ.

ಮಾವನವರ ಲೆಕ್ಕವೇ ಬೇರೆ. ಎರಡು ವರ್ಷದ ಹಿಂದೆ 74 ಕೆ.ಜಿ. ತೂಕಕ್ಕೆ ಅವರು ಬೆಳಿಗ್ಗೆ 38, ರಾತ್ರಿ 24, ಒಟ್ಟು 62 ಯೂನಿಟ್ ತೆಗೆದುಕೊಳ್ಳುತ್ತಿದ್ದರು. ಅವರದು ಬೇಗ ಕೆಲಸ ಮಾಡುವುದು 30 ಪಾಲು, ನಿಧಾನವಾಗಿ ಕೆಲಸ ಮಾಡುವುದು 70 ಪಾಲು ಬೆರೆತ 30/70ರ ಮಿಶ್ರ ಇನ್ಸುಲಿನ್ ಆದ್ದರಿಂದ ಮೇಲಿನ ಸೂತ್ರ ನೇರವಾಗಿ ಕೂಡದು. ಹೋಲಿಕೆಗೆಂದು ಭಾಗಿಸಿದರೂ ಒಂದು ಯೂನಿಟ್‌ಗೆ ಮೂವತ್ತರೊಳಗೆ ಬರುತ್ತದೆ. ಅರ್ಧ ಯೂನಿಟ್‌ನ ಹೆಚ್ಚುಕಡಿಮೆ ಅವರ ದೇಹಕ್ಕೆ ತಿಳಿಯುವುದೇ ಇಲ್ಲ. ನೀಲಿ ಪೆನ್ನಿನಲ್ಲಿ ಅವರ ಬೆಳಗಿನ ಪ್ರಮಾಣ ಒಂದೇ ಸಲಕ್ಕೆ ಬರುವಂತೆಯೂ ಇರಲಿಲ್ಲ, ಎರಡು ಸಲ ಚುಚ್ಚಿಕೊಳ್ಳಬೇಕಾಗುತ್ತಿತ್ತು. ಹೀಗಾಗಿ ದೊಡ್ಡ ಪ್ರಮಾಣ ಬೇಕಾದವರಿಗೆ ಈ ಪೆನ್ ಕೊಳ್ಳಬೇಡಿ ಎಂದೇ ಹೇಳುತ್ತೇನೆ.

ಒಂದು ಸಂಜೆ ಕುಳಿತು ಇಬ್ಬರ ಯೂನಿಟ್‌ಗಳನ್ನೂ ತೂಕದಿಂದ ಭಾಗಿಸಿದೆ. ಮಗಳಿಗೆ ಕೆ.ಜಿ.ಗೆ 0.8, ಮಾವನವರಿಗೆ ಅಂದಿನ ಲೆಕ್ಕದಲ್ಲಿ 0.84. ಅಂಕಿ ಹೆಚ್ಚುಕಡಿಮೆ ಒಂದೇ, ಕಾರಣ ಮಾತ್ರ ಪೂರ್ತಿ ಬೇರೆ. ಮಗಳ ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ನಿಂತಿದೆ. ಹೊರಗಿನಿಂದ ಕೊಟ್ಟದ್ದು ಚೆನ್ನಾಗಿ ನಾಟುತ್ತದೆ. ಮಾವನವರದು ಟೈಪ್ 2. ಅವರ ದೇಹದಲ್ಲಿ ಅಷ್ಟಿಷ್ಟು ತಯಾರಾಗುತ್ತದೆ, ಆದರೆ ಸ್ನಾಯು ಮತ್ತು ಯಕೃತ್ತು ಅದರ ಮಾತು ಕೇಳುವುದಿಲ್ಲ, ಅದಕ್ಕಾಗಿ ಹೆಚ್ಚು ಸುರಿಯಬೇಕು. ಎದುರುಮನೆಯ ಟೈಲರ್ ಅವರಿಗೂ ಟೈಪ್ 2. ಅವರು ಮಾತ್ರೆಯ ಜೊತೆಗೆ ರಾತ್ರಿ ಹತ್ತು ಯೂನಿಟ್ ಮಾತ್ರ ತೆಗೆದುಕೊಳ್ಳುತ್ತಾರೆ. ಅವರು ಒಮ್ಮೆ ನನ್ನ ಮಗಳ 20 ಕೇಳಿ, ಇಷ್ಟು ಸಣ್ಣ ಮಗುವಿಗೆ ನನಗಿಂತ ಜೋರು ಕಾಯಿಲೆಯೇ ಎಂದು ಮರುಗಿದರು. ಯೂನಿಟ್ ಎಂಬುದು ಕಾಯಿಲೆಯ ಜೋರನ್ನು ಅಳೆಯುವ ಅಂಕಿಯಲ್ಲ, ಆ ದೇಹಕ್ಕೆ ಕೊರತೆಯಾದದ್ದನ್ನು ತುಂಬುವ ಅಳತೆ ಎಂದು ಅವರಿಗೆ ವಿವರಿಸಿ ಹೇಳಿದೆ.

ಇದೇ ತಪ್ಪನ್ನು ನಾವೂ ಮಾಡಿದ್ದೆವು. ಕಳೆದ ವರ್ಷ ಮಾವನವರಿಗೆ ಮೇಲಿಂದ ಮೇಲೆ ಲೋ ಶುಗರ್ ಆಗತೊಡಗಿ, ವೈದ್ಯರು ಪ್ರಮಾಣವನ್ನು ಇಳಿಸುತ್ತ 62ರಿಂದ 44ಕ್ಕೆ ತಂದರು. "ನೋಡವ್ವ, ಹದಿನೆಂಟು ಯೂನಿಟ್ ಕಡಿಮೆ ಆತು" ಎಂದು ಮಾವನವರು ಬೀದಿಯವರಿಗೆಲ್ಲ ಹೇಳಿಕೊಂಡು ಬಂದರು. ನಾನು ಅಂದು ಅವರಿಷ್ಟದ ಶಾವಿಗೆ ಉಪ್ಪಿಟ್ಟು ಮಾಡಿದ್ದೆ. ಮುಂದಿನ ಭೇಟಿಯಲ್ಲಿ ಕ್ರಿಯಾಟಿನಿನ್ ಎಂಬ ರಕ್ತಪರೀಕ್ಷೆಯ ವರದಿ ಬಂತು, ಮೂತ್ರಪಿಂಡ ಸೋಲುತ್ತಿತ್ತು. ಇನ್ಸುಲಿನ್ನನ್ನು ದೇಹದಿಂದ ತೆಗೆದುಹಾಕುವ ಕೆಲಸದಲ್ಲಿ ಮೂತ್ರಪಿಂಡಕ್ಕೆ ದೊಡ್ಡ ಪಾಲಿದೆ. ಅದು ಸೋತರೆ ಇನ್ಸುಲಿನ್ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ, ಬೇಕಾದ ಪ್ರಮಾಣ ತಾನಾಗಿ ಇಳಿಯುತ್ತದೆ. ಯೂನಿಟ್ ಇಳಿದದ್ದಕ್ಕೆ ಸಂತೋಷಪಟ್ಟ ದಿನವನ್ನು ನೆನೆದು ಮಾವನವರು ದಾರಿಯುದ್ದಕ್ಕೂ ಮಾತಾಡಲಿಲ್ಲ.

ಒಬ್ಬರದೇ ಅಗತ್ಯ ದಿನದಿಂದ ದಿನಕ್ಕೆ ಬದಲಾಗುವುದನ್ನೂ ಹೇಳಬೇಕು. ಜ್ವರ ಬಂದ ವಾರ ಮಗಳಿಗೆ 20 ಸಾಲದೆ 27 ಬೇಕಾಯಿತು, ಅವಳು ಅರ್ಧ ಊಟ ಮಾಡುತ್ತಿದ್ದರೂ. ಶಾಲೆಯ ಕ್ರೀಡಾಕೂಟದ ದಿನ ರಾತ್ರಿಯ ಪ್ರಮಾಣವನ್ನೂ ಇಳಿಸಬೇಕಾಯಿತು, ಏಕೆಂದರೆ ಓಡಿದ ಪರಿಣಾಮ ಮಧ್ಯರಾತ್ರಿಯವರೆಗೂ ಇರುತ್ತದೆ. ಬೆಳಗಿನ ಜಾವ ಏರುವ ಹಾರ್ಮೋನುಗಳಿಂದ ತಿಂಡಿಯ ಹೊತ್ತಿಗೆ ಹೆಚ್ಚು, ಮಧ್ಯಾಹ್ನಕ್ಕೆ ಕಡಿಮೆ ಬೇಕಾಗುವವರು ಅನೇಕರು. ಸ್ಟೀರಾಯ್ಡ್ ಮಾತ್ರೆ ಏರಿಸುತ್ತದೆ. ಗರ್ಭಿಣಿಯರಲ್ಲಿ ಕೊನೆಯ ತಿಂಗಳುಗಳಲ್ಲಿ ಇಮ್ಮಡಿಯವರೆಗೂ ಹೋಗಿ ಹೆರಿಗೆಯಾದ ಕೂಡಲೇ ಥಟ್ಟನೆ ಇಳಿಯುತ್ತದೆ. ಇಂಥ ತಿದ್ದುಪಡಿಗಳನ್ನೆಲ್ಲ ಸಣ್ಣ ದೇಹದಲ್ಲಿ ಅರ್ಧರ್ಧವಾಗಿಯೇ ಮಾಡಬೇಕಾಗುತ್ತದೆ.

ಇನ್ನು ದೋಷಗಳು. ನೀಲಿ ಪೆನ್ನಿನ ಕಿಟಕಿಯಲ್ಲಿ ಪೂರ್ಣ ಅಂಕಿ ಕಾಣುತ್ತದೆ, ಅರ್ಧಕ್ಕೆ ಬರಿಯ ಗೆರೆ. ಕಣ್ಣಿನ ಪೊರೆ ಇರುವ ನಮ್ಮ ಅತ್ತೆಯವರಿಗೆ ಆ ಗೆರೆ ಕಾಣುವುದೇ ಇಲ್ಲ. ನಾನು ಊರಲ್ಲಿಲ್ಲದ ದಿನ ಅವರು ಟಿಕ್ ಶಬ್ದವನ್ನು ಎಣಿಸಿಯೇ ಕೊಡುತ್ತಾರೆ. ಪ್ರತಿ ಸಲ ಹೊಸ ಸೂಜಿ ಹಾಕಿ ಗಾಳಿ ಹೋಗಲೆಂದು ಒಂದೆರಡು ಯೂನಿಟ್ ಹೊರಗೆ ಬಿಡಬೇಕು. ಮಾವನವರಿಗೆ ಅದು ಲೆಕ್ಕಕ್ಕಿಲ್ಲ, ಒಂದೂವರೆ ಯೂನಿಟ್ ತೆಗೆದುಕೊಳ್ಳುವ ಮಗುವಿಗೆ ಚೆಲ್ಲಿದ್ದೇ ಕೊಟ್ಟಷ್ಟು ಆಗುತ್ತದೆ. ಒಂದು ಕಂಪನಿಯ ಪೆನ್ನಿಗೆ ಇನ್ನೊಂದರ ಕಾರ್ಟ್ರಿಡ್ಜ್ ಸಾಮಾನ್ಯವಾಗಿ ಕೂರುವುದಿಲ್ಲ. ನಮ್ಮ ಊರಿನ ಏಪ್ರಿಲ್ ತಿಂಗಳ ಬಿಸಿಲಿಗೆ, ಬಳಕೆಯಲ್ಲಿರುವ ಪೆನ್ನನ್ನು ಮೂವತ್ತು ಡಿಗ್ರಿಯೊಳಗೆ ಇಡಲು ನಾನು ಒದ್ದೆ ಮರಳು ತುಂಬಿದ ಮಣ್ಣಿನ ಕುಡಿಕೆಯನ್ನು ನೆಚ್ಚಿಕೊಂಡಿದ್ದೇನೆ.

ಎಲ್ಲಕ್ಕಿಂತ ದೊಡ್ಡ ಭಯ ಪೆನ್ ಕೈಕೊಟ್ಟ ದಿನದ್ದು. ಒಂದು ಭಾನುವಾರ ಸಂಜೆ ನೀಲಿ ಪೆನ್ನಿನ ಗುಂಡಿ ಒತ್ತಿದರೂ ಇಳಿಯಲಿಲ್ಲ. ಮೆಡಿಕಲ್ ಶಾಪ್ ಒಂದಕ್ಕೆ ಓಡಿದೆ. ಅಲ್ಲಿದ್ದವರು, ಅದಕ್ಕೇನಂತೆ, ಕಾರ್ಟ್ರಿಡ್ಜ್‌ನಿಂದಲೇ ಎಳೆದುಕೊಳ್ಳಿ ಎಂದು ಕೆಂಪು ಮುಚ್ಚಳದ ಸಿರಿಂಜ್ ಕೈಗಿತ್ತರು. ಕೆಂಪು ಮುಚ್ಚಳದ್ದು ನಮ್ಮ ದೇಶದ ವಯಲ್‌ಗಳಿಗಾಗಿ ಇರುವುದು. ಅವುಗಳಲ್ಲಿ ಸಾಮಾನ್ಯವಾಗಿ ಒಂದು ಮಿ.ಲೀ.ಗೆ 40 ಯೂನಿಟ್. ಕಾರ್ಟ್ರಿಡ್ಜ್‌ನಲ್ಲಿ ಒಂದು ಮಿ.ಲೀ.ಗೆ 100. ಆ ಸಿರಿಂಜಿನ ಎರಡರ ಗೆರೆಯವರೆಗೆ ಎಳೆದಿದ್ದರೆ ಮಗುವಿನ ಮೈಗೆ ಹೋಗುತ್ತಿದ್ದುದು ಐದು ಯೂನಿಟ್. 100ರ ಇನ್ಸುಲಿನ್‌ಗೆ ಕಿತ್ತಳೆ ಮುಚ್ಚಳದ್ದೇ ಬೇಕೆಂದು ಮಕ್ಕಳ ವೈದ್ಯರು ಮೊದಲ ದಿನವೇ ಹೇಳಿದ್ದು ನೆನಪಿದ್ದುದರಿಂದ ಉಳಿದೆವು. ಅಂದಿನಿಂದ ಪೆನ್ನಿನ ಡಬ್ಬಿಯಲ್ಲಿ ಎರಡು ಕಿತ್ತಳೆ ಮುಚ್ಚಳದ ಸಿರಿಂಜ್‌ಗಳು ಸದಾ ಇರುತ್ತವೆ. ಈ ಪೆನ್ ಕೊಳ್ಳುವವರು ಅದೇ ದಿನ ಅವನ್ನೂ ಕೊಳ್ಳಲಿ. ಪೆನ್ನನ್ನು ಮುಂದೆ ಗ್ರಾಹಕ ಸೇವೆಯವರು ಬದಲಾಯಿಸಿಕೊಟ್ಟರು, ಹನ್ನೊಂದು ದಿನ ಹಿಡಿಯಿತು.

ಹರೆಯ ಬಂದಾಗ ಅಗತ್ಯ ಕೆ.ಜಿ.ಗೆ 1.2ರಿಂದ 1.5ರವರೆಗೂ ಏರಬಹುದೆಂದು ವೈದ್ಯರು ಈಗಲೇ ಎಚ್ಚರಿಸಿದ್ದಾರೆ. ಮಗಳು 40 ಕೆ.ಜಿ. ಆಗುವ ಹೊತ್ತಿಗೆ ದಿನಕ್ಕೆ 50 ಯೂನಿಟ್ ಬೇಕಾದೀತು. 500 ಅನ್ನು 50ರಿಂದ ಭಾಗಿಸಿದರೆ 10 ಗ್ರಾಂ. ಆಗ ಒಂದು ಇಡ್ಲಿಗೇ ಒಂದು ಯೂನಿಟ್ ದಾಟುತ್ತದೆ, ಅರ್ಧದ ಹೆಜ್ಜೆ ಈಗಿನಷ್ಟು ಮುಖ್ಯವಾಗಿ ಉಳಿಯುವುದಿಲ್ಲ. ಅಲ್ಲಿಯವರೆಗೆ ನೀಲಿ ಪೆನ್ ಗೂಡಿನಲ್ಲಿ ಇರಲಿ. ಈ ವಾರದಿಂದ ಮಗಳು ತಾನೇ ತಿರುಗಿಸಿ, ಮೂರು ಟಿಕ್ ಆದ ಮೇಲೆ ಕಿಟಕಿಯನ್ನು ನನ್ನ ಕಡೆ ಹಿಡಿದು "ಅಮ್ಮ, ಒಂದೂವರೆ ಸರಿ ಐತಾ?" ಎಂದು ಕೇಳುತ್ತಿದ್ದಾಳೆ. ನಾನು ಕನ್ನಡಕ ಹಾಕಿಕೊಂಡು ಗೆರೆ ನೋಡಿ ಹೂಂ ಎಂದ ಮೇಲೆಯೇ ಅವಳು ಚುಚ್ಚಿಕೊಳ್ಳುವುದು.