ಹ್ಯಾಮಂಡ್, ವಾಕ್ಸ್, ಫಾರ್ಫಿಸಾ: ಒಂದೇ ಬ್ಲೂಸಿಗೆ ಮೂರು ಆರ್ಗನ್ ದನಿಗಳು

ಜಾಝ್, ಸೋಲ್ ಮತ್ತು ರಾಕ್ ಸಂಗೀತದಲ್ಲಿ ಎಲೆಕ್ಟ್ರಿಕ್ ಆರ್ಗನ್ ಎಂದೊಡನೆ ಹ್ಯಾಮಂಡ್ ಬಿ-3ರ ಹೆಸರು ಮೊದಲು ಬರುತ್ತದೆಯಾದರೂ, 1960ರ ದಶಕದ ಬ್ಯಾಂಡ್‌ಗಳು ವಾಕ್ಸ್ ಕಾಂಟಿನೆಂಟಲ್ ಮತ್ತು ಫಾರ್ಫಿಸಾ ಕಾಂಪ್ಯಾಕ್ಟ್ ಆರ್ಗನ್‌ಗಳನ್ನೂ ಧಾರಾಳವಾಗಿ ಬಳಸಿದ್ದವು. ಪೀಠ, ಪೆಡಲ್‌ಗಳೆಲ್ಲ ಸೇರಿ 180 ಕಿಲೋಗೂ ಹೆಚ್ಚು ತೂಗುವ ಬಿ-3 ಅನ್ನು ಮನೆಗೆ ತರುವುದು ನನ್ನ ಅಳವಿಗೆ ಮೀರಿದ್ದು. ಹಾಗಾಗಿ ಮೂರರ ದನಿಯನ್ನೂ ಅನುಕರಿಸುವ ನಾರ್ಡ್ ಎಲೆಕ್ಟ್ರೋ 5ಡಿ ಕೀಬೋರ್ಡಿನಲ್ಲಿ, ಎಫ್ ಶ್ರುತಿಯ ಹನ್ನೆರಡು ಬಾರ್‌ಗಳ ಒಂದೇ ಬ್ಲೂಸನ್ನು ಒಂದೇ ಗತಿಯಲ್ಲಿ ನುಡಿಸಿ ಹೋಲಿಸಿದ್ದೇನೆ.

1954ರಲ್ಲಿ ಬಂದ ಬಿ-3ರೊಳಗೆ ಟೋನ್‌ವೀಲ್ ಎಂಬ 91 ಲೋಹದ ಚಕ್ರಗಳು ಅಯಸ್ಕಾಂತಗಳ ಮುಂದೆ ತಿರುಗುತ್ತಿರುತ್ತವೆ. ಅವುಗಳಿಂದ ಹುಟ್ಟುವ ಸ್ವರಗಳನ್ನು ಡ್ರಾಬಾರ್ ಎಂಬ ಒಂಬತ್ತು ಎಳೆಯುವ ಹಿಡಿಗಳಿಂದ, 0ಯಿಂದ 8ರವರೆಗಿನ ಪ್ರಮಾಣದಲ್ಲಿ, ಬೆರೆಸಿಕೊಳ್ಳಬೇಕು. ಜಾಝ್‌ಗೆ ನಾನು ಆರಿಸಿಕೊಂಡದ್ದು ಜಾಝ್ ಆರ್ಗನ್ ವಾದಕ ಜಿಮ್ಮಿ ಸ್ಮಿತ್ ಅವರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಜೋಡಣೆ: ಮೊದಲ ಮೂರು ಡ್ರಾಬಾರ್‌ಗಳನ್ನು ಪೂರ್ತಿ ಎಳೆದು, ಉಳಿದವನ್ನು ಮುಚ್ಚಿ, ಸ್ವರದ ಆರಂಭಕ್ಕೆ ಠಣತ್ಕಾರ ಕೊಡುವ ಪರ್ಕಶನ್ನನ್ನು ಮೂರನೆಯ ಹಾರ್ಮೋನಿಕ್‌ಗೆ ಇಟ್ಟು, ದನಿಯನ್ನು ತುಸು ಅಲುಗಿಸುವ ಸಿ-3 ಎಂಬ ಕೋರಸ್ ಹಾಕುವುದು. ಈ ಮೂರು ಡ್ರಾಬಾರ್‌ಗಳಲ್ಲಿ ಒಂದು ಕೆಳಗಿನ ಸ್ಥಾಯಿಯನ್ನೂ, ಒಂದು ಪಂಚಮವನ್ನೂ, ಇನ್ನೊಂದು ಮೂಲಸ್ವರವನ್ನೂ ಕೊಡುವುದರಿಂದ ದನಿ ದಪ್ಪನಾಗಿದ್ದರೂ ಮಂಕಾಗುವುದಿಲ್ಲ. ಪರ್ಕಶನ್ನಿನ ಗುಣ ಇನ್ನೂ ಸ್ವಾರಸ್ಯಕರ. ಒತ್ತಿದ ಕೀಲಿಗಳನ್ನೆಲ್ಲ ಬಿಟ್ಟು ಮತ್ತೆ ಒತ್ತಿದಾಗ ಮಾತ್ರ ಅದು ನುಡಿಯುತ್ತದೆ; ಸ್ವರಗಳನ್ನು ಒಂದಕ್ಕೊಂದು ಅಂಟಿಸಿ ನುಡಿಸಿದರೆ ಮೊದಲನೆಯದಕ್ಕೆ ಮಾತ್ರ ಆ ಠಣತ್ಕಾರ ಸಿಗುತ್ತದೆ. ಹೀಗಾಗಿ ಯಾವ ಸ್ವರವನ್ನು ಎತ್ತಿ ತೋರಿಸಬೇಕೆಂಬುದನ್ನು ಬೆರಳುಗಳೇ ತೀರ್ಮಾನಿಸಬೇಕಾಗುತ್ತದೆ, ಮತ್ತು ನನ್ನ ಮಟ್ಟಿಗೆ ಜಾಝ್ ಆರ್ಗನ್ನಿನ ನಡಿಗೆಯ ಗುಟ್ಟು ಅಲ್ಲಿಯೇ ಇದೆ. ಕೀಲಿ ಒತ್ತಿದಾಗ ಕೇಳುವ ಸಣ್ಣ ಕ್ಲಿಕ್ ಸದ್ದನ್ನು ತಯಾರಕರು ದೋಷವೆಂದು ಕಂಡಿದ್ದರು; ಇಂದಿನ ಅನುಕರಣೆಗಳಲ್ಲಿ ಅದನ್ನು ಬೇಕೆಂದೇ ಸೇರಿಸುತ್ತಾರೆ, ತೆಗೆದರೆ ವೇಗದ ಸ್ವರಗಳ ಅಂಚು ಮೊಂಡಾಗುತ್ತದೆ.

ಇದೇ ಬ್ಲೂಸನ್ನು ವಾಕ್ಸ್ ದನಿಗೆ ಬದಲಿಸಿದಾಗ ಎಡಗೈಯ ಬಾಸ್ ಸೊರಗಿತು, ಬಲಗೈಯ ಒಂಟಿ ಸ್ವರಗಳು ಕೀರಲಾದವು. ಆದರೆ ಟ್ರಾನ್ಸಿಸ್ಟರ್‌ಗಳಿಂದ ನುಡಿಯುವ ಈ ಹಗುರ ವಾದ್ಯವನ್ನು ಬ್ಲೂಸಿನಿಂದ ಅಳೆಯುವುದು ನ್ಯಾಯವಲ್ಲ. 1964ರಲ್ಲಿ ದಿ ಆ್ಯನಿಮಲ್ಸ್ ತಂಡದ ಅಲನ್ ಪ್ರೈಸ್ ನುಡಿಸಿದಂತೆ, ಎ ಮೈನರಿನಲ್ಲಿ ಕಾರ್ಡ್‌ಗಳನ್ನು ಬಿಡಿಸಿ ನುಡಿಸಿದಾಗ ಅದರ ಚೂಪುತನ ಗಿಟಾರನ್ನು ಸೀಳಿಕೊಂಡು ಮುಂದೆ ಬರುತ್ತದೆ. ಅಂಥಲ್ಲಿ ಹ್ಯಾಮಂಡ್ ಗಿಟಾರಿನೊಂದಿಗೆ ಕಲಸಿಹೋಗುತ್ತದೆ.

ಫಾರ್ಫಿಸಾ ಬ್ಲೂಸಿನಲ್ಲಿ ಇನ್ನೂ ಕೆಳಗಿಳಿಯಿತು. ಹಾರ್ಮೋನಿಯಂನ ರೀಡಿನಂತೆ ಮೂಗಿನಲ್ಲಿ ನುಡಿಯುವ ಅದರ ದನಿಗೆ ತೂಕವೇ ಇಲ್ಲ. ಆದರೂ 1966ರಲ್ಲಿ ಪರ್ಸಿ ಸ್ಲೆಡ್ಜ್ ಹಾಡಿದ 'ವೆನ್ ಎ ಮ್ಯಾನ್ ಲವ್ಸ್ ಎ ವುಮನ್' ಗೀತೆಯಲ್ಲಿ ಸ್ಪೂನರ್ ಓಲ್ಡ್‌ಹ್ಯಾಮ್ ನುಡಿಸಿದ್ದು ಇದನ್ನೇ. ನಿಧಾನಗತಿಯಲ್ಲಿ ಕಾರ್ಡ್‌ಗಳನ್ನು ದೀರ್ಘವಾಗಿ ಹಿಡಿದು ನೋಡಿದಾಗ ಕಾರಣ ತಿಳಿಯಿತು: ತೂಕವಿಲ್ಲದ ದನಿ ಗಾಯಕನ ಕಂಠಕ್ಕೆ ಅಡ್ಡ ಬರುವುದಿಲ್ಲ. ಸೋಲ್‌ಗೆ ದೊಡ್ಡ ಬಿ-3 ಬೇಕೇಬೇಕೆಂಬ ನಂಬಿಕೆಯನ್ನು ನಾನು ಒಪ್ಪದಿರುವುದಕ್ಕೆ ಇದು ಒಂದು ಕಾರಣವಾದರೆ, ಬುಕರ್ ಟಿ. ಜೋನ್ಸ್ ಇನ್ನೊಂದು ಕಾರಣ. 1962ರ 'ಗ್ರೀನ್ ಆನಿಯನ್ಸ್'ನಲ್ಲಿ ಕೇಳುವುದು ಮನೆಗಳಿಗೆಂದು ಮಾಡಿದ ಪುಟ್ಟ ಹ್ಯಾಮಂಡ್ ಎಂ-3; ಅದರ ಒಂದೊಂದು ಕೀಲಿಮಣೆಯಲ್ಲೂ ಇರುವುದು 44 ಕೀಲಿಗಳಷ್ಟೇ. ದನಿಯನ್ನು ತಿರುಗಿಸುವ ಲೆಸ್ಲಿ ಸ್ಪೀಕರಿನ ಪರಿಣಾಮವನ್ನು ಸಂಪೂರ್ಣ ನಿಲ್ಲಿಸಿದ ಮೇಲೆಯೇ ನನ್ನ ದನಿ ಅದರ ಹತ್ತಿರಕ್ಕೆ ಬಂದಿತು.

ಲೆಸ್ಲಿಯ ಮಾತನ್ನು ಬೇರೆಯಾಗಿಯೇ ಹೇಳಬೇಕು. ಡಾನ್ ಲೆಸ್ಲಿ ರೂಪಿಸಿದ ಈ ಪೆಟ್ಟಿಗೆಯಲ್ಲಿ ಮೇಲೆ ಒಂದು ಕಹಳೆ, ಕೆಳಗೆ ಒಂದು ಡ್ರಮ್ ತಿರುಗುತ್ತವೆ. ವೇಗದ ಸ್ಥಿತಿಯಲ್ಲಿ ಕಹಳೆ ನಿಮಿಷಕ್ಕೆ ಸುಮಾರು 400 ಸುತ್ತು ಹಾಕುತ್ತದೆ. ಹ್ಯಾಮಂಡ್ ಆರ್ಗನ್ನಿನ ಜನಕ ಲಾರೆನ್ಸ್ ಹ್ಯಾಮಂಡ್ ಅವರಿಗೆ ಈ ಸ್ಪೀಕರ್ ಹಿಡಿಸಿರಲಿಲ್ಲ. ನಿಧಾನದ ಸ್ಥಿತಿ, ವೇಗದ ಸ್ಥಿತಿ ಎರಡಕ್ಕಿಂತಲೂ ಒಂದರಿಂದ ಇನ್ನೊಂದಕ್ಕೆ ಹೋಗುವ ಆ ಕೆಲವು ಕ್ಷಣಗಳೇ ನನಗೆ ಪ್ರಿಯ, ಏಕೆಂದರೆ ಹಗುರವಾದ ಕಹಳೆ ಬೇಗ ವೇಗ ಪಡೆಯುತ್ತದೆ, ಭಾರದ ಡ್ರಮ್ ಹಿಂದುಳಿಯುತ್ತದೆ, ಆಗ ತಾರಸ್ವರಗಳು ಮಂದ್ರದಿಂದ ಬಿಡಿಸಿಕೊಂಡು ಓಡಿದಂತೆ ಕೇಳುತ್ತದೆ. ಇದು ವಾಕ್ಸ್‌ಗೆ ಒಗ್ಗದು. ಹಚ್ಚಿದರೆ ಅದರ ಚೂಪುತನವೇ ಹೋಗುತ್ತದೆ.

ರಾಕ್‌ನಲ್ಲಿ ನನ್ನ ಆಯ್ಕೆ ಡೀಪ್ ಪರ್ಪಲ್ ತಂಡದ ಜಾನ್ ಲಾರ್ಡ್ ಅವರ ದನಿ. ಒಳಗೆ ಬಿ-3ನ್ನೇ ಹೋಲುವ, ಹ್ಯಾಮಂಡ್‌ನದೇ ಆದ ಸಿ-3 ಎಂಬ ಆರ್ಗನ್ನನ್ನು ಅವರು ಮಾರ್ಷಲ್ ಗಿಟಾರ್ ಆಂಪ್ಲಿಫೈಯರ್ ಮೂಲಕ ನುಡಿಸಿದರು. ದನಿಯನ್ನು ಒರಟಾಗಿಸುವ ಡಿಸ್ಟಾರ್ಷನ್ ಏರಿಸಿ ಪ್ರಯತ್ನಿಸಿದಾಗ, ಜಾಝ್‌ನಲ್ಲಿ ಸೊಗಸಾಗಿದ್ದ ನಾಲ್ಕು ಸ್ವರಗಳ ಕಾರ್ಡ್‌ಗಳು ಬರಿಯ ಗದ್ದಲವಾದವು, ಮೂಲಸ್ವರ ಮತ್ತು ಪಂಚಮ ಎರಡನ್ನೇ ಹಿಡಿದಾಗ ಗೋಡೆಯಷ್ಟು ಗಟ್ಟಿಯಾದವು. ಅಲ್ಲಿ ಪರ್ಕಶನ್ ಇದ್ದರೂ ಇಲ್ಲದಿದ್ದರೂ ಒಂದೇ.