ಐದು ಬಂದರುಗಳ ಪಾಸ್ತಾ: ಗೋಕರ್ಣದ ಒಂದು ಪುಟ್ಟ ಊಟದ ಮನೆ

ಗೋಕರ್ಣದಲ್ಲಿ ಪಾಸ್ತಾ ಸಿಗುವುದು ಹೊಸ ಸಂಗತಿಯಲ್ಲ. ಕುಡ್ಲೆ ಮತ್ತು ಓಂ ಕಡಲತೀರಗಳ ಶ್ಯಾಕ್‌ಗಳಲ್ಲಿ ಬಿಳಿ ಸಾಸಿನದು, ಕೆಂಪು ಸಾಸಿನದು ಎಂಬ ಎರಡು ಬಗೆಗಳು ಬಹುಕಾಲದಿಂದ ನಡೆಯುತ್ತಿವೆ. ಹಸಿವೆ ನೀಗಿಸುವುದಕ್ಕೆ ಅವು ಸಾಕು. ಆದರೆ ಇಟಲಿಯ ಯಾವ ಊರಿನ ಅಡುಗೆಮನೆಗೂ ಅವುಗಳ ಸಂಬಂಧವನ್ನು ಹೇಳಲಾಗುವುದಿಲ್ಲ. ಕುಡ್ಲೆಗೆ ಇಳಿಯುವ ಕಾಲುದಾರಿಗಿಂತ ಸ್ವಲ್ಪ ಹಿಂದೆ, ಹೆಂಚಿನ ಮನೆಯೊಂದರ ಜಗಲಿಯಲ್ಲಿ ನಡೆಯುತ್ತಿರುವ ಊಟದ ಮನೆಯ ಬಗ್ಗೆ ಬರೆಯಬೇಕೆನಿಸಿದ್ದು ಈ ಕಾರಣಕ್ಕಾಗಿಯೇ. ಬಾಗಿಲ ಮೇಲೆ ‘ಪಾಸ್ತಾ’ ಎಂದಷ್ಟೇ ಬರೆದಿದೆ, ಒಳಗೆ ಆರು ಮೇಜುಗಳಿವೆ, ಮತ್ತು ಇಲ್ಲಿ ಬಡಿಸುವ ಒಂದೊಂದು ತಟ್ಟೆಗೂ ಒಂದೊಂದು ಊರಿದೆ.

ಇದನ್ನು ನಡೆಸುತ್ತಿರುವ ಅಡುಗೆಯವರು ಅಂಕೋಲಾ ತಾಲ್ಲೂಕಿನವರು. ಪ್ರಯಾಣಿಕರ ಹಡಗಿನ ಅಡುಗೆಮನೆಯಲ್ಲಿ ಹಲವು ವರ್ಷ ದುಡಿದು ಊರಿಗೆ ಮರಳಿದವರು. ಹಡಗು ಲಂಗರು ಹಾಕುತ್ತಿದ್ದ ಜಿನೋವಾ, ರೋಮ್ ನಗರದ ಬಂದರಾದ ಚಿವಿತಾವೆಕ್ಕಿಯಾ, ನೇಪಲ್ಸ್, ಪಲೆರ್ಮೊ ಮತ್ತು ಬಾರಿ ಎಂಬ ಐದು ಬಂದರುಗಳಲ್ಲಿ ರಜೆ ಸಿಕ್ಕಾಗಲೆಲ್ಲ ಇಳಿದು, ಅಲ್ಲಿನವರು ಉಣ್ಣುವ ಕಡೆಯೇ ಹುಡುಕಿಕೊಂಡು ಉಂಡು, ಕೇಳಿ, ನೋಡಿ ಕಲಿತದ್ದನ್ನೇ ಅವರು ಇಲ್ಲಿ ಮಾಡುತ್ತಾರೆ. ಮೆನುವನ್ನು ಬಂದರುಗಳ ಹೆಸರಿನಲ್ಲೇ ವಿಂಗಡಿಸಿದ್ದಾರೆ. ಕಾರವಾರದಿಂದ ಶಿರಸಿಗೆ ಘಟ್ಟ ಹತ್ತುವಷ್ಟರಲ್ಲಿ ಮೀನು ಸಾರಿನ ಊಟ ಹೋಗಿ ತಂಬುಳಿ, ಅಪ್ಪೆಹುಳಿಯ ಊಟ ಬರುವುದನ್ನು ಕಂಡ ನಮ್ಮ ಜಿಲ್ಲೆಯವರಿಗೆ, ಇಟಲಿಯಲ್ಲೂ ಊರಿನಿಂದ ಊರಿಗೆ ಪಾಸ್ತಾ ಬದಲಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಅಡುಗೆಮನೆಯ ಹೆಚ್ಚುಗಾರಿಕೆ ಇರುವುದು ಆ ಬದಲಾವಣೆಯನ್ನು ಗೌರವಿಸುವುದರಲ್ಲಿ. ಅದಕ್ಕಿಂತ ಮುಖ್ಯವಾಗಿ, ಅಲ್ಲಿನ ಪದಾರ್ಥ ಇಲ್ಲಿ ಸಿಗದಿದ್ದಾಗ ಅದರ ಬಳಗಕ್ಕೇ ಸೇರಿದ್ದನ್ನು ನಮ್ಮ ಕರಾವಳಿಯಲ್ಲಿ ಹುಡುಕುವುದರಲ್ಲಿ.

ಮೊದಲು ಹೇಳಬೇಕಾದದ್ದು ನೇಪಲ್ಸ್‌ನ ಸ್ಪಗೆಟ್ಟಿ ಅಲ್ಲೆ ವೊಂಗೊಲೆ. ಬೆಳ್ಳುಳ್ಳಿ, ಆಲಿವ್ ಎಣ್ಣೆ, ಪಾರ್ಸ್ಲಿ ಸೊಪ್ಪು ಮತ್ತು ಚಿಪ್ಪಿನ ಸಮೇತ ಬೇಯಿಸಿದ ಸಣ್ಣ ಮೃದ್ವಂಗಿಗಳು ಇದರ ಜೀವ. ಇಲ್ಲಿ ಅದಕ್ಕೆ ಬಳಸುವುದು ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಆರಿಸಿ ತರುವ ಬೆಳಚು, ಅಂದರೆ ಕಾರವಾರದ ಕಡೆಯವರ ತಿಸ್ರೆ. 2024ರ ಆರಂಭದಲ್ಲಿ ರಾಮ್ಸರ್ ತಾಣವೆಂದು, ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂದು, ಪ್ರಕಟವಾದ ಆ ಅಳಿವೆ ಗೋಕರ್ಣದ ಮಗ್ಗುಲಲ್ಲೇ ಇರುವುದರಿಂದ ಬೆಳಿಗ್ಗೆ ಆರಿಸಿದ ಬೆಳಚು ಮಧ್ಯಾಹ್ನ ಬಾಣಲೆ ಸೇರುತ್ತದೆ. ಮರಳು ಕಕ್ಕಲೆಂದು ಅದನ್ನು ಉಪ್ಪುನೀರಿನಲ್ಲಿ ಬಿಟ್ಟಿರುತ್ತಾರೆ. ನಾನು ತಿಂದಾಗಲೆಲ್ಲ ಹಲ್ಲಿಗೆ ಒಂದು ಕಣವೂ ಸಿಕ್ಕಿಲ್ಲ. ಚಿಪ್ಪು ಬಾಯಿ ತೆರೆದ ಕೂಡಲೇ ಬೆಳಚನ್ನು ಹೊರತೆಗೆದು, ಅದು ಬಿಟ್ಟ ನೀರನ್ನು ಸೋಸಿ, ಇನ್ನೂ ಪೂರ್ತಿ ಬೇಯದ ಸ್ಪಗೆಟ್ಟಿಯನ್ನು ಆ ನೀರಿನಲ್ಲೇ ಬೇಯಿಸಿ ಮುಗಿಸುತ್ತಾರೆ. ಪಾಸ್ತಾ ಬಿಟ್ಟ ಗಂಜಿಯೂ ಎಣ್ಣೆಯೂ ಕೂಡಿ ದಾರದ ಮೈಗೆ ತೆಳುವಾಗಿ ಹತ್ತಿಕೊಳ್ಳುವ ಆ ರಸದಲ್ಲಿ ಸಮುದ್ರದ ಉಪ್ಪಿನ ಹೊರತು ಬೇರೆ ಉಪ್ಪು ಬೇಕಾಗುವುದಿಲ್ಲ. ನೇಪಲ್ಸ್‌ನಲ್ಲಿ ಬಹಳ ಮಂದಿ ಸೇರಿಸುವ ಬಿಳಿ ವೈನ್ ಇಲ್ಲಿಲ್ಲ, ಕೊನೆಗೆ ಒಂದೆರಡು ಹನಿ ನಿಂಬೆರಸವಿದೆ. ನನ್ನ ಮಟ್ಟಿಗೆ ಕೊರತೆಯೇನೂ ಕಾಣಲಿಲ್ಲ. ತೆಂಗಿನೆಣ್ಣೆಯ ಆಸೆಗೆ ಬೀಳದೆ ಆಲಿವ್ ಎಣ್ಣೆಗೇ ಅಂಟಿಕೊಂಡದ್ದು ಸರಿಯಾದ ನಿರ್ಧಾರ, ಏಕೆಂದರೆ ತೆಂಗಿನ ಪರಿಮಳ ಬಂದರೆ ತಟ್ಟೆ ನಮ್ಮ ಸುಕ್ಕದ ಕಡೆಗೆ ವಾಲಿಬಿಡುತ್ತದೆ. ಇದರ ಮೇಲೆ ಚೀಸ್ ಉದುರಿಸಿ ಎಂದು ಕೇಳಿದವರಿಗೆ ಅವರು ವಿನಯದಿಂದಲೇ ಇಲ್ಲವೆನ್ನುತ್ತಾರೆ. ಮೀನು, ಚಿಪ್ಪುಗಳ ಪಾಸ್ತಾಕ್ಕೆ ಚೀಸ್ ಹಾಕದಿರುವುದು ಅಲ್ಲಿನ ವಾಡಿಕೆ.

ಸ್ಪಗೆಟ್ಟಿ ನೇಪಲ್ಸ್ ಬಳಿಯ ಗ್ರಾನ್ಯಾನೊದ್ದು. ಆ ಊರಿನ ಪಾಸ್ತಾಕ್ಕೆ ಐರೋಪ್ಯ ಒಕ್ಕೂಟದ ಭೌಗೋಳಿಕ ಗುರುತು 2013ರಲ್ಲಿ ದೊರೆತಿದೆ. ಡ್ಯೂರಮ್ ಗೋಧಿಯ ರವೆಯ ಕಣಕವನ್ನು ಕಂಚಿನ ಅಚ್ಚಿನಲ್ಲಿ ಒತ್ತುವುದರಿಂದ ಅದರ ಮೈ ಒರಟಾಗಿ ಉಳಿದು ರಸವನ್ನು ಹಿಡಿದುಕೊಳ್ಳುತ್ತದೆ. ನಯವಾದ ಅಚ್ಚಿನ ಅಗ್ಗದ ಪಾಸ್ತಾದಲ್ಲಿ ಇದೇ ಬೆಳಚಿನ ರಸ ತಟ್ಟೆಯ ತಳ ಸೇರುತ್ತಿತ್ತು.

ರೋಮ್ ನಗರದ ಕಾಚೊ ಎ ಪೆಪೆಗೆ ಬೇಕಾದದ್ದು ಪಾಸ್ತಾ, ಕುರಿಹಾಲಿನ ಪೆಕೊರಿನೊ ರೊಮಾನೊ ಚೀಸ್ ಮತ್ತು ಕಾಳುಮೆಣಸು, ಇಷ್ಟೇ. ಪದಾರ್ಥಗಳು ಕಡಿಮೆಯಾದಷ್ಟೂ ಕೈಚಳಕ ಹೆಚ್ಚು ಬೇಕಾಗುತ್ತದೆ: ಬಿಸಿ ಮೀರಿದರೆ ಚೀಸಿನ ಪ್ರೋಟೀನು ಗಂಟುಕಟ್ಟುತ್ತದೆ, ಸಾಲದಿದ್ದರೆ ಕರಗುವುದೇ ಇಲ್ಲ. ಪಾಸ್ತಾ ಬೇಯಿಸಿದ ಗಂಜಿನೀರು ಸ್ವಲ್ಪ ಆರಿದ ಮೇಲೆ ಅದರಲ್ಲಿ ಚೀಸನ್ನು ಕಲಸಿಕೊಂಡು, ಒಲೆಯಿಂದ ಇಳಿಸಿದ ಬಾಣಲೆಗೆ ಸೇರಿಸುವ ಕ್ರಮ ಇಲ್ಲಿಯದು. ಮೆಣಸು ಶಿರಸಿಯ ಮಾರುಕಟ್ಟೆಯದು. ಹುರಿದು, ಆಗಿಂದಾಗ ತರಿತರಿಯಾಗಿ ಕುಟ್ಟಿದ್ದು. ಇಟಲಿಯಿಂದ ಬಂದ ಚೀಸಿಗಿಂತ ಈ ಮೆಣಸೇ ತಟ್ಟೆಯನ್ನು ಮೇಲೆತ್ತುತ್ತದೆ ಎಂದು ಹೇಳಲು ನನಗೆ ಸಂಕೋಚವಿಲ್ಲ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದದ್ದು ಈ ಸೀಮೆಯ ಬೆಳೆಯನ್ನು ಕಂಡೇ. 1623ರಲ್ಲಿ ರೋಮ್ ನಗರದವನೇ ಆದ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಹೊನ್ನಾವರದಿಂದ ಗೇರುಸೊಪ್ಪೆಯ ಮೂಲಕ ಇಕ್ಕೇರಿಗೆ ಹೋದಾಗ ಹಾದದ್ದೂ ಇದೇ ಮೆಣಸಿನ ನಾಡನ್ನು.

ಸಿಸಿಲಿ ದ್ವೀಪದ ಪಲೆರ್ಮೊದ ಪಾಸ್ತಾ ಕೊನ್ ಲೆ ಸಾರ್ದೆ ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ಅಪರಿಚಿತ. ತಾರ್ಲೆ ಮೀನು, ಕಾಡು ಸೋಂಪಿನ ಸೊಪ್ಪು, ಒಣದ್ರಾಕ್ಷಿ, ಪೈನ್ ಬೀಜ, ಕೇಸರಿ ಸೇರಿದ ಈ ತಿನಿಸಿನಲ್ಲಿ ಸಿಹಿ ಮತ್ತು ಮೀನು ಒಂದೇ ತುತ್ತಿಗೆ ಬರುತ್ತವೆ. ಸಿಸಿಲಿಗೂ ಅರಬ್ಬರಿಗೂ ಇದ್ದ ನಂಟು ಇದರಲ್ಲಿ ಕಾಣುತ್ತದೆ. ಒಣ ಪಾಸ್ತಾದ ಇತಿಹಾಸದಲ್ಲೂ ಆ ನಂಟಿಗೆ ದೊಡ್ಡ ಸ್ಥಾನವಿದೆ: ಸಿಸಿಲಿಯ ರಾಜ ಎರಡನೆಯ ರೋಜರನಿಗಾಗಿ 1154ರಲ್ಲಿ ಭೂಗೋಳ ಗ್ರಂಥವನ್ನು ಮುಗಿಸಿದ ಅರಬ್ ವಿದ್ವಾಂಸ ಅಲ್ ಇದ್ರಿಸಿ, ಪಲೆರ್ಮೊ ಬಳಿಯ ತ್ರಾಬಿಯಾದಲ್ಲಿ ಹಿಟ್ಟಿನ ಎಳೆಗಳನ್ನು ತಯಾರಿಸಿ ಹಡಗುಗಳಲ್ಲಿ ದೂರದೂರಕ್ಕೆ ಕಳುಹಿಸುತ್ತಿದ್ದರೆಂದು ದಾಖಲಿಸಿದ್ದಾನೆ. ಕಾಡು ಸೋಂಪಿನ ಸೊಪ್ಪು ನಮ್ಮಲ್ಲಿಲ್ಲದ ಕಾರಣ ಅಡುಗೆಯವರು ಸಬ್ಬಸಿಗೆ ಸೊಪ್ಪಿಗೆ ಹುರಿದ ಸೋಂಪು ಕಾಳನ್ನು ಕೂಡಿಸುತ್ತಾರೆ. ಎರಡೂ ಒಂದೇ ಸಸ್ಯ ಕುಟುಂಬದವು. ಪರಿಮಳ ಹೊಂದುತ್ತದೆ, ಆದರೆ ಸಬ್ಬಸಿಗೆ ಒಂದು ಹಿಡಿ ಹೆಚ್ಚಾದ ದಿನ ತಾರ್ಲೆಯ ರುಚಿ ಹಿಂದೆ ಸರಿಯುತ್ತದೆ. ಮೇಲೆ ಉದುರಿಸುವ, ಎಣ್ಣೆಯಲ್ಲಿ ಹುರಿದ ಬ್ರೆಡ್ ಪುಡಿ ಗರಿಗರಿಯಾಗಿ ಚೆನ್ನಾಗಿತ್ತು. ತಾರ್ಲೆಯ ಮುಳ್ಳನ್ನು ಇನ್ನಷ್ಟು ಶ್ರದ್ಧೆಯಿಂದ ತೆಗೆಯಬೇಕು. ಮಕ್ಕಳೊಂದಿಗೆ ಹೋಗುವವರು ಇದನ್ನು ಗಮನದಲ್ಲಿಡಬೇಕು.

ಜಿನೋವಾದ ಪೆಸ್ತೊದಲ್ಲಿ, ಅಂದರೆ ಬೇಸಿಲ್ ಸೊಪ್ಪು ಮತ್ತು ಚೀಸ್ ಸೇರಿಸಿ ಅರೆಯುವ ಹಸಿರು ಸಾಸಿನಲ್ಲಿ, ಪೈನ್ ಬೀಜದ ಬದಲು ನಮ್ಮ ಗೋಡಂಬಿ ಇದೆ. ಇಟಲಿಯ ಅಂಗಡಿಗಳಲ್ಲಿ ಸಿಗುವ ಬಾಟಲಿ ಪೆಸ್ತೊಗಳಲ್ಲೂ ಗೋಡಂಬಿ ಸಾಮಾನ್ಯ, ಆದ್ದರಿಂದ ಇದಕ್ಕೆ ತಕರಾರು ಸಲ್ಲದು. ಪಾಸ್ತಾದ ಜೊತೆಗೆ ಆಲೂಗಡ್ಡೆ ಮತ್ತು ಬೀನ್ಸ್ ಬೇಯಿಸಿ ಹಾಕುವ, ಜಿನೋವಾ ಇರುವ ಲಿಗೂರಿಯಾ ಪ್ರಾಂತದ ಪದ್ಧತಿಯನ್ನು ಬಿಡದಿರುವುದು ಮೆಚ್ಚಬೇಕಾದ ಮಾತು.

ಬಾರಿಯ ಒರೆಕ್ಕಿಯೆತ್ತೆಯನ್ನು ಇಲ್ಲಿಯೇ ಕೈಯಲ್ಲಿ ಮಾಡುತ್ತಾರೆ. ಬಾರಿಯ ಹಳೆಯ ಪೇಟೆಯ ಆರ್ಕೊ ಬಾಸೊ ಬೀದಿಯಲ್ಲಿ ಹೆಂಗಸರು ಮನೆಬಾಗಿಲಲ್ಲಿ ಕುಳಿತು ಹೊಸೆಯುವ ಕಿವಿಯಾಕಾರದ ಈ ಪಾಸ್ತಾಕ್ಕೆ ಬೇಕಾದದ್ದು ಎರಡು ಸಲ ಬೀಸಿದ ಡ್ಯೂರಮ್ ರವೆ ಮತ್ತು ನೀರು, ಅಷ್ಟೇ. ಅಡುಗೆಯವರ ಹೆಂಡತಿ ಬನ್ಸಿ ರವೆಯನ್ನು ಗಿರಣಿಯಲ್ಲಿ ಮತ್ತೊಮ್ಮೆ ಬೀಸಿಸಿ ಕಣಕ ನಾದುತ್ತಾರೆ. ಬನ್ಸಿಯೂ ಡ್ಯೂರಮ್ ಜಾತಿಯದೇ ಆದ್ದರಿಂದ ಬೆಂದ ಮೇಲೂ ಹಲ್ಲಿಗೆ ಹಿತವಾದ ಬಿಗಿ ಉಳಿಯುತ್ತದೆ. ಬಾರಿ ಇರುವ ಪುಲಿಯಾ ಪ್ರಾಂತದಲ್ಲಿ ಇದಕ್ಕೆ ಜೊತೆಯಾಗುವ ಚಿಮೆ ದಿ ರಾಪಾ ಎಂಬ ಕಹಿ ಸೊಪ್ಪಿನ ಜಾಗದಲ್ಲಿ ಎಳೆಯ ಮೂಲಂಗಿ ಸೊಪ್ಪು ಬರುತ್ತದೆ. ಅದೂ ಸಾಸಿವೆಯ ಕುಟುಂಬದ್ದೇ. ಬೆಳ್ಳುಳ್ಳಿ, ಒಣಮೆಣಸು ಮತ್ತು ಆ ಸಣ್ಣ ಕಹಿ ಕೂಡಿದ ಈ ತಟ್ಟೆ, ಬೆಳಚಿನದರ ನಂತರ, ಇಲ್ಲಿಯ ಅತ್ಯುತ್ತಮ ತಿನಿಸು.

ಸೋತದ್ದು ಬಂದರಿಲ್ಲದ ಊರಿನ ಅಡುಗೆಯಲ್ಲಿ. ಗಿರಾಕಿಗಳ ಒತ್ತಾಯಕ್ಕೆ ಬೊಲೊನ್ಯಾದ ತಾಲ್ಯಾತೆಲ್ಲೆ ಅಲ್ ರಗುವನ್ನು, ಅಂದರೆ ಮಾಂಸದ ಸಾಸಿನ ಪಟ್ಟಿ ಪಾಸ್ತಾವನ್ನು, ಮೆನುವಿಗೆ ಸೇರಿಸಿದ್ದಾರೆ. ಬೊಲೊನ್ಯಾದವರು ಇದನ್ನು ಎಷ್ಟು ಗಂಭೀರವಾಗಿ ಪರಿಗಣಿಸುತ್ತಾರೆಂದರೆ, ಬೆಂದ ತಾಲ್ಯಾತೆಲ್ಲೆಯ ಅಗಲ 8 ಮಿಲಿಮೀಟರ್ ಇರಬೇಕೆಂದು 1972ರಲ್ಲಿ, ರಗುವಿನ ಪಾಕವನ್ನು 1982ರಲ್ಲಿ ಅಲ್ಲಿನ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸಿಟ್ಟಿದ್ದಾರೆ. ಆ ರಗುವಿನಲ್ಲಿ ಮಾಂಸವೇ ಪ್ರಧಾನ, ಟೊಮೆಟೊ ಮಿತವಾಗಿ, ಹಾಲೂ ಉಂಟು, ಗಂಟೆಗಟ್ಟಲೆ ಸಣ್ಣ ಉರಿ. ಇಲ್ಲಿ ಕೋಳಿಯ ಕೈಮ ಟೊಮೆಟೊ ಹುಳಿಯಲ್ಲಿ ಮುಳುಗಿದೆ, ಮೊಟ್ಟೆ ಹಾಕಿದ ಮೈದಾದ ಪಟ್ಟಿಗಳು ಮೆತ್ತಗಾಗಿವೆ. ಮಾಡುವವರು ಆ ಊರಿನಲ್ಲಿ ಇಳಿದು ಉಂಡಿಲ್ಲವೆಂಬುದು ತಟ್ಟೆಯಲ್ಲೇ ತಿಳಿಯುತ್ತದೆ. ಇದನ್ನು ಕೈಬಿಟ್ಟು ಐದು ಬಂದರುಗಳಿಗೇ ನಿಲ್ಲಲಿ ಎಂಬುದು ನನ್ನ ಬೇಡಿಕೆ.

ಸಸ್ಯಾಹಾರಿಗಳಿಗೆ ಒಂದು ಮುಖ್ಯ ಸೂಚನೆಯಿದೆ. ಮೆನುವಿನಲ್ಲಿ ಕಾಚೊ ಎ ಪೆಪೆ ಮತ್ತು ಪೆಸ್ತೊ ಎರಡಕ್ಕೂ ಹಸಿರು ಚುಕ್ಕಿ ಹಾಕಿದ್ದಾರೆ. ಆದರೆ ಪೆಕೊರಿನೊ ರೊಮಾನೊಕ್ಕೆ ಕುರಿಮರಿಯ, ಪೆಸ್ತೊಗೆ ಸೇರುವ ಪಾರ್ಮಿಜಾನೊ ರೆಜ್ಜಾನೊ ಚೀಸಿಗೆ ಕರುವಿನ ಜಠರದಿಂದ ತೆಗೆದ ಹೆಪ್ಪನ್ನು ಬಳಸುತ್ತಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯಿಂದ ಬರುವ ಅನೇಕರಿಗೆ ಇದು ಸಣ್ಣ ವಿಷಯವಲ್ಲ. ಈ ಚುಕ್ಕಿಗಳನ್ನು ತೆಗೆದು ವಿವರವನ್ನು ಸ್ಪಷ್ಟವಾಗಿ ಬರೆಯಬೇಕು. ಕಟ್ಟುನಿಟ್ಟಿನವರು ಚೀಸಿಲ್ಲದ, ಮೀನಿಲ್ಲದ ಒರೆಕ್ಕಿಯೆತ್ತೆಯನ್ನು ಕೇಳಿ ಪಡೆಯಬಹುದು.

ಬೆಲೆ ತಟ್ಟೆಗೆ ರೂ. 320ರಿಂದ 480ರವರೆಗೆ ಇದೆ. ಶ್ಯಾಕ್‌ಗಳಿಗೆ ಹೋಲಿಸಿದರೆ ಹೆಚ್ಚೇ. ಪ್ರಮಾಣ ಕಡಿಮೆಯೆಂದು ಪಕ್ಕದ ಮೇಜಿನವರು ದೂರಿದ್ದನ್ನೂ ಕೇಳಿದೆ. ಇಟಲಿಯಲ್ಲಿ ಪಾಸ್ತಾ ಊಟದ ಮೊದಲ ಭಾಗ ಮಾತ್ರವಾದ್ದರಿಂದ ಒಬ್ಬರಿಗೆ 80ರಿಂದ 100 ಗ್ರಾಂ ಒಣ ಪಾಸ್ತಾ ಹಾಕುವುದು ರೂಢಿ, ಇಲ್ಲಿಯೂ ಹಾಗೆಯೇ. ಇಬ್ಬರು ಹೋಗಿ ಮೂರು ತಟ್ಟೆ ಹಂಚಿಕೊಂಡರೆ ಹೊಟ್ಟೆಯೂ ತುಂಬುತ್ತದೆ, ಮೂರು ಊರುಗಳ ರುಚಿಯೂ ಸಿಗುತ್ತದೆ.

ಮುಂದೆ ಇಟಲಿಗೇ ಹೋಗುವ ಯೋಚನೆಯಿರುವವರು ಈ ಮೆನುವನ್ನೇ ದಾರಿ ಪಟ್ಟಿಯಾಗಿ ಇಟ್ಟುಕೊಳ್ಳಬಹುದು. ಗುಂಪು ಪ್ರವಾಸಗಳಲ್ಲಿ ಎಲ್ಲ ಊರುಗಳಲ್ಲೂ ಒಂದೇ ಬಗೆಯ ಊಟ ಹಾಕಿಸುವುದು ಸಾಮಾನ್ಯ. ಊಟಕ್ಕಾಗಿಯೇ ಹೋಗುವವರು ರೋಮ್ ನಗರದಲ್ಲಿ ನೆಲೆ ಮಾಡಿ, ವೇಗದ ರೈಲಿನಲ್ಲಿ ಸುಮಾರು ಒಂದು ಗಂಟೆ ಹತ್ತು ನಿಮಿಷಕ್ಕೆ ನೇಪಲ್ಸ್‌ಗೂ, ಸುಮಾರು ಎರಡು ಗಂಟೆಗೆ ಬೊಲೊನ್ಯಾಕ್ಕೂ ಹೋಗಿಬರಬಹುದು. ಸಮಯ ಕಡಿಮೆಯಿದ್ದರೆ ಬಾರಿಯನ್ನು ಬಿಟ್ಟು ಪಲೆರ್ಮೊವನ್ನು ಉಳಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಕಾಡು ಸೋಂಪಿನ ಸೊಪ್ಪಿಗೆ ಬೇರೆಲ್ಲೂ ಸರಿಯಾದ ಬದಲಿಯಿಲ್ಲ.

ಊಟದ ಮನೆ ಅಕ್ಟೋಬರ್‌ನಿಂದ ಮೇ ಕೊನೆಯವರೆಗೆ ತೆರೆದಿರುತ್ತದೆ, ಮಳೆಗಾಲದಲ್ಲಿ ಪೂರ್ತಿ ಮುಚ್ಚಿರುತ್ತದೆ. ಬೆಳಚು ಅಳಿವೆಯಿಂದ ಬಂದ ದಿನ ಮಾತ್ರ ಸಿಗುವುದರಿಂದ ಬೆಳಿಗ್ಗೆಯೇ ವಿಚಾರಿಸಿಕೊಂಡು ಹೋಗುವುದು ಉತ್ತಮ. ಗೋಕರ್ಣ ರೋಡ್ ರೈಲು ನಿಲ್ದಾಣದಿಂದ ಆಟೋ ಸಿಗುತ್ತದೆ. ಕೊನೆಯ ಇಳಿಜಾರಿನಲ್ಲಿ ಮೆಟ್ಟಿಲುಗಳಿವೆ, ವಯಸ್ಸಾದವರನ್ನು ಕರೆದೊಯ್ಯುವವರು ಬಿಸಿಲಿಳಿದ ಮೇಲೆ ಹೊರಡಬೇಕು.